ಖಾಲಿ ತೊಟ್ಟಿಯ ಹನ್ನೊಂದು ಕಡಲಕುದುರೆಗಳು

ನಮ್ಮ ಊರಿನಲ್ಲಿ ಮನೆಯೊಳಗೆ ಉಪ್ಪುನೀರು ಬಾರದಂತೆ ನೋಡಿಕೊಳ್ಳುವುದೇ ಜನರ ಅರ್ಧ ಆಯುಷ್ಯದ ಕೆಲಸ. ಉತ್ತರದ ಗಾಳಿ ಎದ್ದರೆ ಸಾಕು, ಹಿನ್ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ಮಂಚದ ಕಾಲು ನೆನೆಸುತ್ತದೆ. ಇಂಥ ಊರಿನಲ್ಲಿ ಎವಾರಿಸ್ತೋ ಮಾಲ್ಪಿಕಾ ಎಂಬ ನೀರು ಸರಬರಾಜು ಕಚೇರಿಯ ಗುಮಾಸ್ತ, ಸಮುದ್ರದಿಂದ ಇನ್ನೂರು ಹೆಜ್ಜೆ ದೂರದ ತನ್ನ ಮನೆಯಲ್ಲಿ, ವೆರಾಕ್ರೂಸ್ ಪಟ್ಟಣದಿಂದ ಬಂದ ಉಪ್ಪಿನ ಮೂಟೆ ಬಿಚ್ಚಿ, ನಲ್ಲಿ ನೀರಿಗೆ ಕಲಸಿ ಸಮುದ್ರ ತಯಾರಿಸಿದ.

ಅವನ ಮನೆಯ ಎದುರಿಗೇ ನನ್ನ ಗುಂಡಿ-ದಾರದ ಅಂಗಡಿ. ನನ್ನ ಹೆಸರು ಕಸಿಲ್ದಾ. ಗಂಡ ರೊಸಾಲಿಯೋ ತೀರಿಹೋಗಿ ನಾಲ್ಕು ವರ್ಷವಾಯಿತು; ಅಂದಿನಿಂದ ಗಲ್ಲೆಯ ಹಿಂದೆ ಕೂತು ಎದುರು ಮನೆ ನೋಡುವುದು ನನ್ನ ಎರಡನೆಯ ಉದ್ಯೋಗ. ಆದ್ದರಿಂದ ಈ ಕಥೆಯನ್ನು ನನಗಿಂತ ಚೆನ್ನಾಗಿ ಯಾರೂ ಹೇಳಲಾರರು. ಹೇಳುವಾಗ ಮಾತ್ರ ಎವಾರಿಸ್ತೋನನ್ನು ಏಕವಚನದಲ್ಲಿ ಕರೆಯುತ್ತೇನೆ. ಎದುರಿಗೆ ಸಿಕ್ಕರೆ ಬಹುವಚನ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಎಲ್ಲ ಶುರುವಾದದ್ದು ಔಷಧಿ ಅಂಗಡಿಯ ದೋನ್ ಇಲಾರಿಯೋನ್ ಅವರ ಮನೆಯ ಊಟದಲ್ಲಿ. ಅವರು ತಾವು ಹಿಡಿದ ಕತ್ತಿಮೀನಿನ ಫೋಟೋವನ್ನು ಮೂರನೆಯ ಸಲ ಎಲ್ಲರಿಗೂ ತೋರಿಸಿ ಮುಗಿಸಿದ್ದರು. ಆಮೇಲೆ, ಉಳಿದ ಮುಳ್ಳನ್ನು ಬೆಕ್ಕಿಗೆ ಎಸೆಯುವವರ ಹಾಗೆ, ಮೂಲೆಯಲ್ಲಿ ಕೂತಿದ್ದ ಗುಮಾಸ್ತನ ಕಡೆ ತಿರುಗಿದರು.

"ಏನಪ್ಪಾ ಎವಾರಿಸ್ತೋ, ನಿಮ್ಮ ಮನೇಲೇನು ವಿಶೇಷ?"

ಎವಾರಿಸ್ತೋನ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಶೇಷವೇನೂ ಇರಲಿಲ್ಲ. ಆದರೆ ಹಿಂದಿನ ವಾರ ಅವನು ಹಲ್ಲು ತೋರಿಸಲು ಪಟ್ಟಣಕ್ಕೆ ಹೋಗಿದ್ದ. ವೈದ್ಯರ ಕೋಣೆಯ ಹೊರಗಿನ ಗಾಜಿನ ತೊಟ್ಟಿಯಲ್ಲಿ ಎರಡು ಕಡಲಕುದುರೆಗಳು ಒಂದರ ಬಾಲಕ್ಕೆ ಇನ್ನೊಂದು ಬಾಲ ಸುತ್ತಿಕೊಂಡು ನಿಂತಿದ್ದವು. ಅದನ್ನು ನೋಡುತ್ತ ಎರಡು ಗಂಟೆ ಕೂತು, ತನ್ನ ಸರದಿ ತಪ್ಪಿಸಿಕೊಂಡು, ನೋಯುವ ಹಲ್ಲಿನೊಂದಿಗೇ ವಾಪಸು ಬಂದಿದ್ದ.

"ಕಡಲಕುದುರೆ ಸಾಕ್ತಾ ಇದೀನಿ," ಎಂದ.

ಸಾಕಬೇಕು ಅಂತಿದೀನಿ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಮಾತು ಕೇಳಿ ಒಬ್ಬರು ಚಮಚ ಕೆಳಗಿಟ್ಟರು. ಹೆಂಡತಿ ಒಬ್ದೂಲಿಯಾ ಮಾತ್ರ ಗಂಡನ ಮುಖವನ್ನು, ಜ್ವರ ಬಂದಿದೆಯೇ ಎಂಬಂತೆ ನೋಡಿದಳು.

"ತೊಟ್ಟಿಗೆ ಧರ್ಮತಂದೆ ಯಾರು?" ಎಂದು ಬೇಕರಿಯ ಸಿರಿಲೋ ಕೇಳಿದ.

ಈ ಪ್ರಶ್ನೆ ಬಂದದ್ದೇ ಅನಾಹುತ. ನಮ್ಮಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಕೇಕಿಗೆ ಒಬ್ಬ ಧರ್ಮತಂದೆ, ಬೂಟಿಗೆ ಒಬ್ಬಳು ಧರ್ಮತಾಯಿ, ವಾದ್ಯಕ್ಕೆ ಇನ್ನೊಬ್ಬ. ಯಾರು ಯಾವುದಕ್ಕೆ ನಿಂತರೋ ಅದನ್ನು ಅವರು ತರುತ್ತಾರೆ. ಅವತ್ತಿನಿಂದ ಆ ಮನೆಯವರಿಗೆ ಅವರು ಕಂಪಾದ್ರೆ, ಹೆಂಗಸಾದರೆ ಕೊಮಾದ್ರೆ. ಆ ಸಂಬಂಧ ಕೂಡಿದ ಮೇಲೆ ಏಕವಚನ ಮುಗಿಯಿತು, ಜಗಳ ಮುಗಿಯಿತು, ಮುಖದ ಮುಂದೆ "ಇಲ್ಲ" ಎನ್ನುವುದೂ ಮುಗಿಯಿತು. ಆದರೆ ಮೀನಿನ ತೊಟ್ಟಿಗೆ ಧರ್ಮತಂದೆಯರನ್ನು ಮಾಡಿದ್ದು ನಮ್ಮ ಊರಿನ ಚರಿತ್ರೆಯಲ್ಲಿ ಅದೇ ಮೊದಲು.

"ಗಾಜಿಗೆ ನಾನೇ," ಎಂದರು ದೋನ್ ಇಲಾರಿಯೋನ್. "ಬೇರೆ ಯಾರೂ ಬಾಯಿ ಹಾಕ್ಬಾರ್ದು."

"ಹಂಗಾದ್ರೆ ನೀರಿನ ಮೋಟ್ರು ನಂದು," ಎಂದ ಸಿರಿಲೋ.

"ಉಪ್ಪಿಗೆ ಚರ್ಚ್ ಇದೆ," ಎಂದರು ಪಾದ್ರಿಗಳು.

"ಮರಳು ನಾನು ಹಾಕಿಸ್ತೀನಿ," ಎಂದಳು ಎವಾರಿಸ್ತೋನ ಅತ್ತೆ ದೋನ್ಯಾ ಚೋನಾ. ಆಕೆಗೆ ಎಂಬತ್ತನಾಲ್ಕು, ಎರಡು ಕಣ್ಣಿಗೂ ಪೊರೆ. "ಅಳಿಯನ ಮುಖ ನೋಡಿ ಅಲ್ಲ ಮತ್ತೆ. ಕುದುರೆ ಮುಖ ನೋಡಿ."

ಉಳಿದದ್ದು ಥರ್ಮಾಮೀಟರು. ಎಲ್ಲರೂ ನನ್ನ ಕಡೆ ನೋಡಿದರು. ಹೀಗೆ ನಾನು ಥರ್ಮಾಮೀಟರಿನ ಧರ್ಮತಾಯಿಯಾದೆ.

ಹದಿನೈದು ದಿನದಲ್ಲಿ ತೊಟ್ಟಿ ನಿಂತಿತು. ಅಗಲಕ್ಕಿಂತ ಎತ್ತರ ಹೆಚ್ಚು, ಯಾಕೆಂದರೆ ಕಡಲಕುದುರೆ ನಿಂತೇ ಈಜುವ ಪ್ರಾಣಿ. ಹಿನ್ನೀರಿನಿಂದ ಅದನ್ನು ಹಿಡಿದು ತರುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಅವನ್ನು ಸಾಕಿ ಮರಿಮಾಡಿಸುವ ಒಂದು ಕೇಂದ್ರಕ್ಕೆ ಎವಾರಿಸ್ತೋ ಪತ್ರ ಬರೆದ. ಅಲ್ಲಿಯ ಮೇಡಮ್ಮು ವಿವರವಾಗಿ ಉತ್ತರ ಕೊಟ್ಟಿದ್ದಳು. ತೊಟ್ಟಿಯಲ್ಲಿ ಆರು ವಾರ ಜೀವಿಯಿಲ್ಲದೆ ಬರೀ ಮೋಟರು ಓಡಬೇಕು, ನೀರು ಮಾಗಬೇಕು. ಅದಕ್ಕಾಗಿ ಒಂದು ಸಿಗಡಿಯನ್ನು ಒಳಗೆ ಹಾಕಿ ಕೊಳೆಯಲು ಬಿಡಬೇಕು, ಅದು ಕರಗಿದರೆ ಇನ್ನೊಂದು. ಕೊನೆಗೆ ಪರಿಸರ ಇಲಾಖೆಯಿಂದ ಆಕ್ಷೇಪಣೆ ಇಲ್ಲ ಎಂಬ ಒಂದು ಕಾಗದ ಬರಬೇಕು. ಆ ಕಾಗದ ಕಂಡರೆ ಮಾತ್ರ ಒಂದು ಜೋಡಿ ಕುದುರೆ ಕಳಿಸುತ್ತೇವೆ. ಒಂದು ಸಣ್ಣ ದೂರು ಇದ್ದರೂ ಇಲ್ಲ.

ಈ ಪತ್ರವನ್ನು ಎವಾರಿಸ್ತೋ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ದಿನಕ್ಕೆರಡು ಸಲ ತೆಗೆದು ಓದುತ್ತಿದ್ದ. ಮನುಷ್ಯ ಅಷ್ಟು ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಧರ್ಮತಂದೆಯರು ತಂತಮ್ಮ ವಸ್ತುವಿನ ಯೋಗಕ್ಷೇಮ ವಿಚಾರಿಸಲು ಬರತೊಡಗಿದರು. ನಿನ್ನೆಯವರೆಗೆ "ಲೋ ಎವಾರಿಸ್ತೋ" ಎನ್ನುತ್ತಿದ್ದ ಸಿರಿಲೋ ಬೆಳಿಗ್ಗೆ ಬ್ರೆಡ್ಡಿನ ಬುಟ್ಟಿ ಇಳಿಸಿ, "ಕಂಪಾದ್ರೆ, ನನ್ನ ಮೋಟ್ರು ಹೆಂಗೈತೆ, ಕೇಳಿಸ್ಕೋಬಹುದಾ?" ಎಂದು ತೊಟ್ಟಿಗೆ ಕಿವಿ ಹಚ್ಚುತ್ತಿದ್ದ. ಸದ್ದು ಸಾಲದು ಎಂದು ಜೋರು ಮಾಡಿ ಹೋಗುತ್ತಿದ್ದ. ಕಡಲಕುದುರೆಗೆ ಸೆಳೆತ ಆಗದು. ಅವನು ಹೋದ ಮೇಲೆ ಎವಾರಿಸ್ತೋ ಸಣ್ಣಗೆ ಮಾಡುತ್ತಿದ್ದ. ದೋನ್ ಇಲಾರಿಯೋನ್ ಬಂದು ಬೀದಿಗೆ ಕಾಣುವ ಕಡೆಯ ಗಾಜನ್ನು ಮಾತ್ರ ಒರೆಸುತ್ತಿದ್ದರು. ನಾನು ಮಧ್ಯಾಹ್ನ ಬಿಸಿಲು ಏರಿದಾಗ ಹೋಗಿ ಉಷ್ಣತೆ ನೋಡಿ, ಬಾಗಿಲಲ್ಲಿ ನಿಂತು "ಇಪ್ಪತ್ತೇಳು! ಫ್ಯಾನ್ ಹಾಕಿ!" ಎಂದು ಕೂಗುತ್ತಿದ್ದೆ. ನನ್ನ ಕರ್ತವ್ಯ ನಾನು ಮಾಡಲೇಬೇಕಲ್ಲ.

ಮೂರನೆಯ ವಾರ ಎವಾರಿಸ್ತೋ ನನ್ನ ಅಂಗಡಿಗೆ ಬಂದು ದಾರದ ಉಂಡೆ ಒತ್ತುತ್ತ ನಿಂತ.

"ಕೊಮಾದ್ರೆ, ಭಾನುವಾರ ಪ್ರಾರಂಭೋತ್ಸವ ಅಂತ ಎಲ್ಲಾರೂ ತೀರ್ಮಾನ ಮಾಡ್ಬಿಟ್ಟಿದಾರೆ. ಮರಿಂಬಾ ವಾದ್ಯದೋರಿಗೆ ಅವತ್ತೊಂದೇ ದಿನ ಬಿಡುವಂತೆ. ತೊಟ್ಟೀಲಿ ಇನ್ನೂ ಕುದುರೇನೇ ಇಲ್ಲ!"

"ಹೋಗಿ ಹೇಳಿ ಮತ್ತೆ."

"ಹೋಗಿದ್ದೆ."

"ಏನಂದ್ರು?"

"ಕುರ್ಚಿ ಎಷ್ಟು ಬೇಕು ಅಂತ ಕೇಳಿದ್ರು. ನಲವತ್ತು ಅಂದ್ಬಂದೆ."

ಭಾನುವಾರ ನಲವತ್ತು ಕುರ್ಚಿಯೂ ಸಾಲಲಿಲ್ಲ. ಒಬ್ದೂಲಿಯಾ ಬಾಳೆಲೆಯಲ್ಲಿ ಸುತ್ತಿದ ತಮಾಲೆ ಕಡುಬುಗಳನ್ನು ಎರಡು ಹಂಡೆ ಬೇಯಿಸಿದ್ದಳು. ಮರಿಂಬಾದವರು ನಡುಮನೆಯಲ್ಲಿ ಜಾಗವಿಲ್ಲದೆ ಅಡುಗೆಮನೆಯಲ್ಲಿ ನಿಂತು ಬಾರಿಸಿದರು. ಪಾದ್ರಿಗಳು ತೊಟ್ಟಿಗೆ ಪವಿತ್ರ ತೀರ್ಥ ಚಿಮುಕಿಸಲು ಹೋದಾಗ ಎವಾರಿಸ್ತೋ "ಒಳಕ್ಕೆ ಬೇಡ ಸ್ವಾಮಿ, ಉಪ್ಪಿನ ಲೆಕ್ಕ ತಪ್ಪುತ್ತೆ!" ಎಂದು ಕೈ ಅಡ್ಡ ಹಿಡಿದ. ತೀರ್ಥವೆಲ್ಲ ಅವನ ಅಂಗಿಗೆ ಬಿತ್ತು. ಆಮೇಲೆ ಎಲ್ಲರೂ ತೊಟ್ಟಿಯ ಮುಂದೆ ಗುಂಪುಗೂಡಿ ಒಳಗೆ ನೋಡಿದರು. ಒಳಗೆ ಸ್ವಲ್ಪ ಮಬ್ಬಾದ ನೀರು, ಕಲ್ಲು, ಮರಳು, ನನ್ನ ಥರ್ಮಾಮೀಟರು, ಮತ್ತೆ ಒಂದು ಕಲ್ಲಿನ ಬುಡದಲ್ಲಿ ಮುದುಡಿಕೊಂಡು ಕೊಳೆಯುತ್ತಿದ್ದ ಸಿಗಡಿ.

ಎವಾರಿಸ್ತೋ ಗಂಟಲು ಸರಿಮಾಡಿಕೊಂಡ. "ಒಂದು ಮಾತು ಹೇಳ್ಬೇಕಿತ್ತು..."

"ಅಗೋ!" ಎಂದು ಕಿರುಚಿದಳು ದೋನ್ಯಾ ಚೋನಾ, ಗಾಜಿಗೆ ಮೂಗು ಅಂಟಿಸಿ. "ಅಗೋ, ಕಲ್ಲಿನ ಹತ್ರ! ಬಾಲ ಸುತ್ಕೊಂಡು ಮಲಗಿದೆ ನನ್ನ ಬಂಗಾರ!"

ಎಂಬತ್ತನಾಲ್ಕರ ಮುದುಕಿಗೆ ಕಂಡದ್ದು ಐವತ್ತೈದರ ದೋನ್ ಇಲಾರಿಯೋನ್ ಅವರಿಗೆ ಕಾಣದೆ ಇದ್ದೀತೆ? ಗಾಜು ಬೇರೆ ಅವರದ್ದೇ. "ಒಂದಲ್ಲ, ಎರಡು," ಎಂದರು. "ಎರಡನೇದು ಹಿಂದಗಡೆ ಇದೆ. ನೋಡೋ ಕಣ್ಣಿಗೆ ಮಾತ್ರ ಕಾಣುತ್ತೆ."

"ಮೂರು," ಎಂದೆ ನಾನು. ಯಾಕೆ ಎಂದೆ ಎಂದು ಕೇಳಬೇಡಿ. ವಾದ್ಯ ಬಾರಿಸುತ್ತಿತ್ತು, ಎಲ್ಲರ ಮುಖ ಅರಳಿತ್ತು.

"ಅದ್ರಲ್ಲೊಂದು ಬಸುರಿ," ಎಂದ ಸಿರಿಲೋ.

"ಕಡಲಕುದುರೇಲಿ ಬಸುರಿ ಆಗೋದು ಗಂಡು, ಕಂಪಾದ್ರೆ," ಎಂದರು ದೋನ್ ಇಲಾರಿಯೋನ್.

"ಅದನ್ನೇ ನಾನೂ ಹೇಳಿದ್ದು. ಗಂಡೇ ಅದು. ಸುಸ್ತಾಗಿ ಕೂತದೆ ಪಾಪ."

ಗಂಡು ಹೆರುತ್ತದೆ ಎಂದು ಕೇಳಿದ್ದೇ ತಡ, ಹೆಂಗಸರೆಲ್ಲ ಮುಂದೆ ನುಗ್ಗಿದರು. ಎವಾರಿಸ್ತೋ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದ. ಪಾದ್ರಿಗಳು "ಅಂದಾಜು ಐದು" ಎಂದು ಮುಗಿಸಿ ತಮಾಲೆಯ ಕಡೆ ನಡೆದರು. ಗುರುವಾರ ಪಟ್ಟಣದ ಬಸ್ಸಿನ ಡ್ರೈವರು ನನ್ನ ಅಂಗಡಿಯಲ್ಲಿ ಗುಂಡಿ ಕೊಳ್ಳುತ್ತ, "ನಿಮ್ಮೆದುರು ಮನೇಲಿ ಹನ್ನೊಂದಂತೆ, ಹೌದಾ?" ಎಂದ.

ಕೇಳಿದ ಎವಾರಿಸ್ತೋ ಬೆವತುಹೋದ. ದಾಖಲೆ ಇಲ್ಲದ ಹನ್ನೊಂದು ಕುದುರೆಯ ಸುದ್ದಿ ಇಲಾಖೆಗೆ ಮುಟ್ಟಿದರೆ ಕಾಗದವೂ ಇಲ್ಲ, ಜೋಡಿಯೂ ಇಲ್ಲ. ಇಲ್ಲವೆಂದು ಊರಿಗೆ ಹೇಳೋಣವೆಂದರೆ ಕಂಪಾದ್ರೆಗಳು, ಪಾದ್ರಿಗಳು, ಅತ್ತೆ, ನಾನು, ಎಲ್ಲರೂ ಸುಳ್ಳುಗಾರರಾಗುತ್ತೇವೆ.

"ನೀವೇ ಹೇಳಿ ಒಬ್ದೂಲಿಯಾ," ಎಂದೆ ನಾನು ಅವನ ಹೆಂಡತಿಗೆ.

"ನಮ್ಮಮ್ಮನಿಗೆ ಕಣ್ಣು ಕಾಣ್ಸಲ್ಲ ಅಂತ ನಾನು ಹೇಳ್ಲಾ?" ಎಂದಳು ಅವಳು. "ಕಾಣ್ಸೋದಿಲ್ಲ, ನಿಜ. ಆದ್ರೆ ಹೇಳೋದು ಯಾರು?"

ಹತ್ತು ದಿನಕ್ಕೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ತೆರ್ರಾಸಾಸ್ ಎಂದು ಹೆಸರು. ಶಾಂತ ಮನುಷ್ಯ, ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಒಂದು ಫಾರಂ, ಒಂದು ದೂರಿನ ಪತ್ರ. ಬೀದಿಯಲ್ಲಿ ಸರ್ಕಾರಿ ಗಾಡಿ ಕಂಡದ್ದೇ ತಡ, ಐದು ನಿಮಿಷದಲ್ಲಿ ಧರ್ಮತಂದೆ ತಾಯಂದಿರೆಲ್ಲ ಕಂಪಾದ್ರೆಯ ನೆರವಿಗೆ ಹಾಜರು. ಸಿರಿಲೋ ಮೈಮೇಲೆ ಹಿಟ್ಟಿನ ಸಮೇತ ಬಂದ.

ಇನ್ಸ್‌ಪೆಕ್ಟರು ತೊಟ್ಟಿಯನ್ನು ನಾಲ್ಕೂ ಕಡೆಯಿಂದ ನೋಡಿದರು. "ಇಲ್ಲಿ ಏನೂ ಇಲ್ವಲ್ಲ," ಎಂದರು.

ಎವಾರಿಸ್ತೋನ ಮುಖದಲ್ಲಿ ಜೀವ ಬಂತು. "ಹೌದಾ ಸಾರ್? ಇನ್ನೊಂದ್ಸಲ ಹೇಳ್ತೀರಾ? ಸ್ವಲ್ಪ ಗಟ್ಟಿಯಾಗಿ?"

"ಏನೂ ಇಲ್ಲ!"

"ಅದ್ಹೆಂಗ್ರೀ ಇಲ್ಲ?" ದೋನ್ ಇಲಾರಿಯೋನ್ ಮುಂದೆ ಬಂದರು. "ಆವತ್ತು ಭಾನುವಾರ ಕಣ್ಣಾರೆ ನೋಡಿದೀನಿ. ನಾನು ಔಷಧಿ ಅಂಗಡಿಯೋನು ಸ್ವಾಮಿ, ಒಂದು ಗುಳಿಗೆ ಹೆಚ್ಚುಕಮ್ಮಿ ಎಣಿಸಿದೋನಲ್ಲ."

ನಾನು ಅವರ ಕಾಲು ತುಳಿದೆ. ತಪ್ಪು ಕಾಲು, ಅದು ಪಾದ್ರಿಗಳದ್ದು.

"ಹಾಗಾದ್ರೆ ಭಾನುವಾರ ಇದ್ವು," ಎಂದು ಇನ್ಸ್‌ಪೆಕ್ಟರು ಫಾರಂ ಬಿಡಿಸಿದರು. "ಇವತ್ತಿಲ್ಲ. ಎಲ್ಲಿ ಹೋದ್ವು, ಸೆನ್ಯೋರ್ ಮಾಲ್ಪಿಕಾ? ಮಾರಿದ್ರಾ?"

ಅದೇ ಹೊತ್ತಿಗೆ ಒಬ್ದೂಲಿಯಾ ಒಳಗಿನಿಂದ ಮೀನು, ಏಡಿ, ಸಿಗಡಿ ಹಾಕಿದ ಸಾರನ್ನದ ದೊಡ್ಡ ತಟ್ಟೆ ತಂದು ಅವರ ಮುಂದಿಟ್ಟಳು. ಸರ್ಕಾರದವರೇ ಬರಲಿ, ಸಾಲ ಕೇಳುವವರೇ ಬರಲಿ, ಊಟದ ಹೊತ್ತಿಗೆ ಬಂದವರಿಗೆ ತಟ್ಟೆ ಇಡದೆ ನಮ್ಮಲ್ಲಿ ಮಾತಿಲ್ಲ. ಇನ್ಸ್‌ಪೆಕ್ಟರು ತಟ್ಟೆ ನೋಡಿದರು, ತೊಟ್ಟಿ ನೋಡಿದರು, ಮತ್ತೆ ತಟ್ಟೆ ನೋಡಿದರು. ಆಮೇಲೆ ಚಮಚದ ತುದಿಯಿಂದ ಅನ್ನವನ್ನು ನಿಧಾನವಾಗಿ ಕೆದಕತೊಡಗಿದರು. ಒಂದು ಏಡಿಯ ಕಾಲನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು.

"ಉಪ್ಪು ಕಮ್ಮೀನಾ?" ಎಂದಳು ಒಬ್ದೂಲಿಯಾ.

"ಸೆನ್ಯೋರ್ ಮಾಲ್ಪಿಕಾ, ನೇರವಾಗಿ ಕೇಳ್ತೀನಿ. ಈ ತೊಟ್ಟೀಲಿ ಯಾವತ್ತಾದ್ರೂ ಕಡಲಕುದುರೆ ಇತ್ತಾ, ಇರ್ಲಿಲ್ವಾ? ಇರ್ಲಿಲ್ಲ ಅಂದ್ರೆ ಈಗ್ಲೇ ಸಹಿ ಹಾಕಿ ಕಾಗದ ಕೊಡ್ತೀನಿ. ಇತ್ತು ಅಂದ್ರೆ ಕಾಗದ ಇಲ್ಲ."

ಸಿರಿಲೋನ ಮೋಟರು ಮಾತ್ರ ಓಡುತ್ತಿತ್ತು. ಎವಾರಿಸ್ತೋ ಜೇಬಿನ ಮೇಲೆ ಕೈಯಿಟ್ಟ. ಮೇಡಮ್ಮಿನ ಪತ್ರ ಅಲ್ಲೇ ಇತ್ತು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ.

"ನನ್ನ ಕಂಪಾದ್ರೆಗಳು ಸುಳ್ಳು ಹೇಳೋ ಜನ ಅಲ್ಲ ಸಾರ್," ಎಂದ.

ಇನ್ಸ್‌ಪೆಕ್ಟರು ಪೆನ್ನು ತೆಗೆದರು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಿಟ್ಟದ್ದು ದೋನ್ಯಾ ಚೋನಾ.

"ಇವತ್ತೂ ಇದೆಯಲ್ಲಪ್ಪಾ ಕುದುರೆ! ನಿಂಗೇನು ಕಣ್ಣಿಲ್ವಾ? ಅಗೋ, ಕಲ್ಲಿನ ಬುಡದಲ್ಲಿ. ಎಚ್ಚರಾನೇ ಆಗಿಲ್ಲ ಅದಕ್ಕೆ."

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಅಂಗಿಯ ತೋಳು ಮಡಚಿ, ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಕಲ್ಲಿನ ಬುಡದಲ್ಲಿದ್ದುದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತೆಗೆದರು. ಅದು ನೀರು ಮಾಗಲೆಂದು ಬಿಟ್ಟಿದ್ದ ಸಿಗಡಿ. ಗಾಳಿಗೆ ಬಂದೊಡನೆ ಅದರ ಬೆನ್ನಿನ ಅರ್ಧ ಕಳಚಿ ಅವರ ಬೂಟಿನ ಮೇಲೆ ಬಿತ್ತು. ನಾತಕ್ಕೆ ಸಿರಿಲೋ ಟೋಪಿಯಿಂದ ಮುಖ ಮುಚ್ಚಿಕೊಂಡ.

"ನೋಡಿ ಅಜ್ಜಿ, ಇದು..." ಎಂದು ಇನ್ಸ್‌ಪೆಕ್ಟರು ಅದನ್ನು ಆಕೆಯ ಮುಖದ ಬಳಿ ಹಿಡಿದರು.

ದೋನ್ಯಾ ಚೋನಾ ಮೂಸಿದಳು. ಕೈಯಿಂದ ಮುಟ್ಟಿದಳು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಸಾಯಿಸ್ಬಿಟ್ಯಲ್ಲೋ!"

"ಅಜ್ಜಿ, ಇದು ಸಿಗಡಿ..."

"ಮಲಗಿದ್ದ ಜೀವಾನ ಕತ್ತು ಹಿಡಿದು ಎಳೆದು ಸಾಯಿಸಿದ್ಯಲ್ಲೋ! ಬಸುರಿ ಗಂಡಸು ಅದು! ಎಲ್ಲಾರೂ ನೋಡಿದ್ರಲ್ವಾ? ಸ್ವಾಮಿ, ನೀವು ನೋಡಿದ್ರಿ ತಾನೆ?"

ಪಾದ್ರಿಗಳು ನೋವಿದ್ದ ಕಾಲನ್ನು ಸರಿಪಡಿಸಿಕೊಂಡು, ಸತ್ತ ಪ್ರಾಣಿಗಾಗಿ ಎಂಬಂತೆ ತಲೆ ಬಾಗಿಸಿದರು. ದೋನ್ ಇಲಾರಿಯೋನ್ ಪರಿಸ್ಥಿತಿಯನ್ನು ಒಂದೇ ಕ್ಷಣದಲ್ಲಿ ಅರ್ಥಮಾಡಿಕೊಂಡು, "ಸಾಕ್ಷಿ ಹೇಳೋಕೆ ನಾನು ಸಿದ್ಧ," ಎಂದರು. "ರಕ್ಷಿತ ಪ್ರಾಣಿ. ಸರ್ಕಾರಿ ಕೈ."

"ಮಿಕ್ಕಿದ್ದು ಇವರ ಗಾಡಿ ಸದ್ದಿಗೇ ಹೆದರಿ ಕರಗಿ ಹೋಗಿರ್ಬೇಕು," ಎಂದ ಸಿರಿಲೋ, ಟೋಪಿಯೊಳಗಿನಿಂದ.

ತೆರ್ರಾಸಾಸ್ ಅವರು ಆ ಕೋಣೆಯಲ್ಲಿದ್ದ ಒಂದೊಂದು ಮುಖವನ್ನೂ ನೋಡಿದರು. ಇಲಾಖೆಯಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ. ಯಾವ ಊರಿನಿಂದ ಯಾವಾಗ ಹೊರಡಬೇಕೆಂದು ಅವರಿಗೆ ಗೊತ್ತಿತ್ತು. ಎಡಗೈಯಿಂದಲೇ ಫಾರಂ ತುಂಬಿ, "ತೊಟ್ಟಿಯಲ್ಲಿ ಒಂದು ಕೊಳೆತ ಸಿಗಡಿ ಬಿಟ್ಟರೆ ಏನೂ ಇರಲಿಲ್ಲ, ಆಕ್ಷೇಪಣೆ ಇಲ್ಲ" ಎಂದು ಬರೆದು, ಸಹಿ ಹಾಕಿ, ಕಾಗದವನ್ನು ಎವಾರಿಸ್ತೋನ ಕೈಗಿತ್ತು ಹೊರಟರು. ಒಬ್ದೂಲಿಯಾ ಅನ್ನವನ್ನು ಡಬ್ಬಿಗೆ ಹಾಕಿ ಹಿಂದೆಯೇ ಓಡಿ ಗಾಡಿಯಲ್ಲಿಟ್ಟಳು.

ಗಾಡಿ ಹತ್ತುವ ಮೊದಲು ಅವರು ನನ್ನ ಅಂಗಡಿಯ ನಲ್ಲಿಯಲ್ಲಿ ಕೈ ತೊಳೆದರು. ಮೂರು ಸಲ ಸೋಪು ಹಾಕಿದರು.

"ಒಂದು ಕೇಳ್ಲಾ ಸೆನ್ಯೋರಾ?" ಎಂದರು. "ಈ ದೂರು ಬರೆದೋರು ಯಾರು ಅಂತ ಗೊತ್ತಾ? ಹೆಸರಿಲ್ಲ. ಇಂಥ ದೂರನ್ನ ನನ್ನ ಸರ್ವಿಸ್ಸಲ್ಲೇ ಕಂಡಿಲ್ಲ. ನೀವೇ ಇಟ್ಕೊಳ್ಳಿ, ನಂಗೆ ಇನ್ನಿದು ಬೇಡ."

ನಾನು ಓದಿದೆ. "ಮಾನ್ಯರೇ, ಮಾಲ್ಪಿಕಾ ಎಂಬುವರ ಮನೆಯಲ್ಲಿ ಹನ್ನೊಂದು ಕಡಲಕುದುರೆಗಳು ಇವೆಯೆಂದು ಊರೆಲ್ಲ ಹೇಳುತ್ತಿದೆ. ದಯವಿಟ್ಟು ತಾವು ಬಂದು ನೋಡಿ, ಇಲ್ಲದಿದ್ದಲ್ಲಿ ಇಲ್ಲವೆಂದು ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಬೇಕಾಗಿ ಪ್ರಾರ್ಥನೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ."

ದುಂಡನೆಯ ಅಕ್ಷರ. ತಿಂಗಳಿಗೆರಡು ಸಲ ನನ್ನ ಬಾಗಿಲಿಗೆ "ನಾಳೆ ನೀರು ಬರುವುದಿಲ್ಲ, ಕ್ಷಮೆ ಇರಲಿ" ಎಂದು ಚೀಟಿ ಅಂಟಿಸುವ ಕೈಯ ಅಕ್ಷರ.

ಸಂಜೆ ಅವನು ಕಾಗದ ತೋರಿಸಲು ನನ್ನ ಅಂಗಡಿಗೆ ಬಂದಾಗ ಪತ್ರವನ್ನು ಗಲ್ಲೆಯ ಮೇಲಿಟ್ಟೆ. ಅವನು ನೋಡಿದವನೇ ಸ್ಟೂಲಿನ ಮೇಲೆ ಕುಸಿದ.

"ಹುಚ್ಚು ಹಿಡಿದಿತ್ತಾ ನಿಮಗೆ? ನಿಮ್ಮ ಮೇಲೆ ನೀವೇ ದೂರು ಕೊಡೋದಾ? ಕುದುರೆ ಕೈಬಿಟ್ಟು ಹೋಗ್ತಿತ್ತಲ್ರೀ!"

"ಗೊತ್ತಿತ್ತು ಕೊಮಾದ್ರೆ. ಆದ್ರೆ ನಾನು ಇಲ್ಲ ಅಂದ್ರೆ ನಿಮಗೆಲ್ಲ ಅವಮಾನ. ಸರ್ಕಾರ ಇಲ್ಲ ಅಂದ್ರೆ ಯಾರಿಗೂ ಬೇಜಾರಿಲ್ಲ, ಎಲ್ಲಾರೂ ಸರ್ಕಾರಾನ ಬೈಕೊಂಡು ಸುಮ್ನಾಗ್ತಾರೆ ಅನ್ಕೊಂಡೆ."

"ಆವತ್ತೇ ಒಂದು ಮಾತು ಅಂದಿದ್ರೆ ಮುಗೀತಿತ್ತು."

"ಅನ್ನೋಕೇ ಹೊರಟಿದ್ದೆ. ಅತ್ತೆ ಒಂದು ಅಂದಾಗ ಬಾಯಿ ತೆಗೆದೆ. ದೋನ್ ಇಲಾರಿಯೋನ್ ಎರಡು ಅಂದ್ರಲ್ಲ, ಆಗ್ಲೂ ಹೇಳ್ಬಿಡ್ತಿದ್ದೆ, ದೇವರಾಣೆ." ಅವನು ದಾರದ ಉಂಡೆ ಎತ್ತಿಕೊಂಡ. "ಆಮೇಲೆ ನೀವು ಮೂರು ಅಂದ್ರಿ. ನಗ್ತಾ ಅಂದ್ರಿ. ರೊಸಾಲಿಯೋ ಹೋದ್ಮೇಲೆ ನೀವು ನಕ್ಕಿದ್ದು ನಾನು ನೋಡಿದ್ದು ಆವತ್ತೇ. ಅದಕ್ಕೆ ಸುಮ್ನಾಗ್ಬಿಟ್ಟೆ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಈ ಪೆದ್ದು ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಅದೇ ಮೊದಲ ಸಲ ತಿಳಿಯಿತು. ಪತ್ರವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ.

ಎರಡು ವಾರ ಕಳೆದು ಬೆಳಗಿನ ಬಸ್ಸಿನಲ್ಲಿ ಪೆಟ್ಟಿಗೆ ಬಂತು. ಎವಾರಿಸ್ತೋ ಅದರೊಳಗಿನ ನೀರು ತುಂಬಿದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗಿನ ನೀರಿಗೆ ಹೊರಗಿನ ನೀರು ಗುಟುಕು ಗುಟುಕಾಗಿ ಬೆರೆಸುತ್ತ ಒಂದು ಗಂಟೆ ಮಂಡಿಯೂರಿ ಕೂತ. ಜೋಡಿ ಕುದುರೆ ಹಳದಿ ಬಣ್ಣದವು, ಬೆರಳುದ್ದ; ಬಿಟ್ಟಾಗ ನೆಟ್ಟಗೆ ನಿಂತುಕೊಂಡೇ ತೇಲಿ ಹೋಗಿ ಒಂದೇ ಕಡ್ಡಿಗೆ ಬಾಲ ಸುತ್ತಿದವು. ಅಷ್ಟರಲ್ಲಿ ಧರ್ಮತಂದೆಯರೆಲ್ಲ ಬಂದು ಗಾಜಿನ ಮುಂದೆ ಸೇರಿದ್ದರು. ಹಿಂದೆ ಅರ್ಧ ಬೀದಿ ನಿಂತಿತ್ತು.

"ಹನ್ನೊಂದು ಅಂದಿದ್ರಲ್ಲ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಇವೆ ಇವೆ," ಎಂದರು ದೋನ್ ಇಲಾರಿಯೋನ್, ಕರವಸ್ತ್ರದಿಂದ ಗಾಜು ಒರೆಸುತ್ತ. "ಮಿಕ್ಕಿದ್ದು ಕಲ್ಲಿನ ಹಿಂದಗಡೆ. ಏನಂತೀರಿ ಕಂಪಾದ್ರೆ?"

ಎವಾರಿಸ್ತೋ ಬಾಯಿ ತೆರೆದ. ಮುಚ್ಚಿದ.

"ಎರಡು," ಎಂದೆ ನಾನು. "ಎರಡೇ ಇರೋದು ಕಂಪಾದ್ರೆ. ಮೊದ್ಲು ಒಂದೂ ಇರ್ಲಿಲ್ಲ. ನಾನು ಮೂರು ಅಂದಿದ್ದು ಸುಳ್ಳು."

ಮರಿಂಬಾ ಇರಲಿಲ್ಲವಾದ್ದರಿಂದ ಬೀದಿಯ ತುದಿಯವರೆಗೂ ಕೇಳಿಸಿತು. ದೋನ್ ಇಲಾರಿಯೋನ್ ಕರವಸ್ತ್ರ ಮಡಚಿ ಜೇಬಿಗಿಟ್ಟರು. ಆಮೇಲೆ ಬಗ್ಗಿ, ಕನ್ನಡಕ ಹಾಕಿಕೊಂಡು, ನಿಜವಾಗಿ ನೋಡಿದರು.

"ಎರಡೇ," ಎಂದರು. "ಸಾಕು ಬಿಡಿ. ಎಷ್ಟು ಚೆನ್ನಾಗಿವೆ."